ಮೊಣಕೈ ಹಿಂದಿನ ನರ

ಸ್ನೇಹಲತಾಳಿಗೆ ಆ ನೋವು ಮೊದಲು ಕಾಣಿಸಿಕೊಂಡದ್ದು ಮುಸುಕಿನ ಜೋಳ ಬಿಡಿಸುವಾಗ. ಎಡಗೈಯ ಕಿರುಬೆರಳೂ ಅದರ ಪಕ್ಕದ ಉಂಗುರದ ಬೆರಳೂ ಜುಮ್ಮೆಂದವು. ತೆನೆ ಮುರಿದು ಮುರಿದು ಕೈ ಜೋಮು ಹಿಡಿದಿರಬೇಕು ಅಂದುಕೊಂಡು ಕೊಡವಿದಳು. ಜೋಮು ಬಿಡಲಿಲ್ಲ. ಕಟಾವು ಮುಗಿದು ಕಡ್ಡಿಯನ್ನೆಲ್ಲ ದನಕ್ಕೆ ಹಾಕಿದ ಮೇಲೂ ಬಿಡಲಿಲ್ಲ. ಕೆಲವು ಸಲ ಮೊಣಕೈಯಿಂದ ಹೊರಟು ಬೆರಳ ತುದಿಯವರೆಗೆ ಕಾದ ತಂತಿ ಎಳೆದಂತೆ ಉರಿಯುತ್ತಿತ್ತು. ಇನ್ನು ಕೆಲವು ಸಲ ಅದೇ ಬೆರಳು ತನ್ನದಲ್ಲವೇನೋ ಅನ್ನುವ ಹಾಗೆ ಸತ್ತು ಬಿದ್ದಿರುತ್ತಿತ್ತು. ಉರಿಯೂ ಮರಗಟ್ಟುವುದೂ ಒಂದೇ ಬೆರಳಲ್ಲಿ ಹೇಗಿರುತ್ತವೆ ಎಂದು ಯಾರಿಗಾದರೂ ಬಿಡಿಸಿ ಹೇಳಲು ಹೋದರೆ, ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೇ ತನ್ನ ಮಾತು ಸುಳ್ಳೆನಿಸುತ್ತಿತ್ತು.

ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ರಸ್ತೆಯಿಂದ ಒಳಗೆ ಸರಿದಿರುವ ಗುಂಡನಕೊಪ್ಪಲಿನ ಸೊಸೆ ಅವಳು. ತವರು ಶೆಟ್ಟಿಹಳ್ಳಿ ಕಡೆ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ. ಗಂಡ ಅನಿಲ್‌ಕುಮಾರ್ ಶುಂಠಿ, ಜೋಳ, ಒಂದಿಷ್ಟು ಹೊಗೆಸೊಪ್ಪು ಬೆಳೆಯುತ್ತಿದ್ದ. ಕೊಟ್ಟಿಗೆಯಲ್ಲಿ ಕರೆಯುವ ಹಸುಗಳಿದ್ದವು. ಮಾವ ತೀರಿಹೋಗಿ ಬಹಳ ಕಾಲವಾಗಿತ್ತು. ಅತ್ತೆ ಕಾಮಾಕ್ಷಮ್ಮ ಗಟ್ಟಿ ಜೀವ, ಮಾತು ಕಡಿಮೆ. ಸ್ನೇಹಲತಾ ಹೊಸಿಲು ತುಳಿದಾಗ ನಾದಿನಿ ಪ್ರತಿಭಾ ಇನ್ನೂ ಸ್ಲೇಟು ಹಿಡಿದು ಶಾಲೆಗೆ ಹೋಗುವ ಹುಡುಗಿ. ಸ್ನೇಹಲತಾಳಿಗೆ ಮಕ್ಕಳಾಗಲಿಲ್ಲ. ಎಣ್ಣೆ ಹಚ್ಚಿ ಜಡೆ ಹಾಕಿದ್ದು, ಜ್ವರ ಬಂದರೆ ಪಕ್ಕದಲ್ಲಿ ಮಲಗಿಸಿಕೊಂಡಿದ್ದು, ಹೊಳೆನರಸೀಪುರದ ಕಾಲೇಜಿಗೆ ಸೇರಿಸಬೇಕೆಂದು ಗಂಡನ ಜೊತೆ ಹಟ ಹಿಡಿದದ್ದು ಎಲ್ಲವೂ ಈ ಪ್ರತಿಭಾಳಿಗಾಗಿ.

ಊರಿನವರಿಗೆ ಅವಳು ಆಶಾ ಅಕ್ಕ, ಸರ್ಕಾರದ ಆಶಾ ಕಾರ್ಯಕರ್ತೆ. ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಕೂಸುಗಳಿಗೆ ಚುಚ್ಚುಮದ್ದು ಹಾಕಿಸುವುದು, ಕ್ಷಯದ ಪರೀಕ್ಷೆಗೆ ಕಫದ ಡಬ್ಬಿ ಕೊಟ್ಟು ಬರುವುದು ಅವಳ ಕೆಲಸ. ವರ್ಷಕ್ಕೊಮ್ಮೆ ಕುಷ್ಠರೋಗ ಹುಡುಕುವ ಆಂದೋಲನ ಬಂದಾಗ ಮನೆಮನೆಗೆ ಹೋಗಿ, ಮೈಮೇಲೆ ಬಿಳಿಚಿದ, ಮುಟ್ಟಿದರೆ ತಿಳಿಯದ ಮಚ್ಚೆ ಇದೆಯೇ ಎಂದು ಕೇಳಿಕೊಂಡು ಬರುತ್ತಿದ್ದಳು. ಮಚ್ಚೆ ಕಂಡರೆ ಬೇಗ ಹೇಳಿ, ಬೇಗ ಹೇಳಿದಷ್ಟೂ ಕೈಕಾಲು ಉಳಿಯುತ್ತೆ ಎಂಬ ಮಾತು ಅವಳಿಗೆ ಬಾಯಿಪಾಠವಾಗಿತ್ತು.

ಕೈನೋವಿಗೆ ಅವಳು ತೋರಿಸದ ಜಾಗವಿಲ್ಲ. ಅರಕಲಗೂಡಿನಲ್ಲಿ ಒಬ್ಬರು ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಕಟ್ಟಿಸಿದರು. ಇನ್ನೊಬ್ಬರು ಬಿ ಹನ್ನೆರಡು ಕಡಿಮೆ ಇರಬಹುದು ಎಂದು ಇಂಜೆಕ್ಷನ್ ಕೊಟ್ಟರು. ಸಕ್ಕರೆ ನೋಡಿದರು, ಥೈರಾಯ್ಡ್ ನೋಡಿದರು. ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕತ್ತಿನ ಸ್ಕ್ಯಾನ್ ಮಾಡಿ, ನಿಮ್ಮ ವಯಸ್ಸಿನವರಿಗೆಲ್ಲ ಇಷ್ಟು ಸವೆತ ಇದ್ದೇ ಇರುತ್ತೆ, ಅದರಿಂದ ಇಷ್ಟು ನೋವು ಬರುವ ಹಾಗಿಲ್ಲ ಎಂದರು. ಆಮೇಲೆ ಅಲ್ಲಿಯ ಡಾಕ್ಟರು ಅವಳನ್ನು ಬಿಟ್ಟು ಅನಿಲ್‌ಕುಮಾರನ ಕಡೆ ತಿರುಗಿ, ಮಕ್ಕಳಿಲ್ಲವೇ ಎಂದು ಕೇಳಿ, ಟೆನ್ಶನ್ ಕಡಿಮೆ ಮಾಡಿಕೊಳ್ಳಲು ಹೇಳಿ ನಿದ್ದೆ ಮಾತ್ರೆ ಬರೆದುಕೊಟ್ಟರು.

ಬಸ್ಸಿನಲ್ಲಿ ಅನಿಲ್‌ಕುಮಾರ್ ಚೀಟಿಗಳನ್ನೆಲ್ಲ ಮಡಚಿ ಜೇಬಿಗಿಟ್ಟುಕೊಂಡ. ಮನೆ ಹತ್ತಿರ ಬಂದಾಗ ಅಂದ, "ಕತ್ತಿನ್ ಫೋಟೋ ತೆಗ್ದವ್ರೆ, ರಕ್ತ ನೋಡವ್ರೆ. ಏನೂ ಇಲ್ಲ ಅಂದವ್ರೆ. ಇನ್ನೇನ್ ಮಾಡನ, ನೀನೇ ಏಳು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸಿಟ್ಟಾಗಿದ್ದರೆ ಒಂದು ಮಾತು ತಿರುಗಿಸಿ ಆಡಬಹುದಿತ್ತು. ಅಂದಿನಿಂದ ಅವಳು ಮನೆಯಲ್ಲಿ ನೋವಿನ ಮಾತೆತ್ತುವುದನ್ನು ಬಿಟ್ಟಳು. ಕಾಮಾಕ್ಷಮ್ಮ ಮಾತ್ರ ನಾಗದೋಷವಿರಬೇಕೆಂದು ರಾಮನಾಥಪುರಕ್ಕೆ ಕರೆದುಕೊಂಡು ಹೋಗಿ ಸುಬ್ರಹ್ಮಣ್ಯನಿಗೆ ಪೂಜೆ ಮಾಡಿಸಿದಳು. ನಾಟಿ ಔಷಧದ ಈಶ್ವರಯ್ಯನ ಹತ್ತಿರ ಎಣ್ಣೆ ತಂದು ತಾನೇ ಕೂತು ನೀವಿದಳು. ಆ ನೀವುವಿಕೆಯಲ್ಲಿ ಮೊಣಕೈಯ ಹಿಂಬದಿಗೆ ಬೆರಳು ತಾಗಿದಾಗಲೆಲ್ಲ ಸ್ನೇಹಲತಾಳಿಗೆ ಜೀವ ಹೋದಂತಾಗುತ್ತಿತ್ತು. ಅತ್ತೆ ನೊಂದುಕೊಂಡಾಳೆಂದು ಹಲ್ಲು ಕಚ್ಚಿ ಕೂರುತ್ತಿದ್ದಳು.

ಹೀಗೆ ಮೂರು ವರ್ಷ ಕಳೆಯಿತು.

ಆ ವರ್ಷದ ಆಂದೋಲನದಲ್ಲಿ ಊರ ತುದಿಯ ಮನೆಯ ಗುರುಸಿದ್ದಮ್ಮ ಎಂಬ ಮುದುಕಿಯ ಬೆನ್ನಿನಲ್ಲಿ ಅಂಥ ಮಚ್ಚೆ ಕಂಡಿತು. ಮುದುಕಿಯ ಜೊತೆಗೆ ಬರುವವರಿರಲಿಲ್ಲ. ಸ್ನೇಹಲತಾ ತಾನೇ ಅವಳನ್ನು ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಚರ್ಮದ ವಿಭಾಗದಲ್ಲಿ ಶ್ರೀಗೌರಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರಿದ್ದಳು. ಹೊಳೆನರಸೀಪುರದ ಹುಡುಗಿ, ಅರ್ಚಕರ ಮನೆತನ. ಅವಸರವಿಲ್ಲದೆ ನೋಡುತ್ತಿದ್ದಳು. ಮಚ್ಚೆ ನೋಡಿ ಮುಗಿಸಿ, ಮುದುಕಿಯ ಮೊಣಕೈ ಮಡಚಿಸಿ ಹಿಂದಿನ ಸಂದಿಯಲ್ಲಿ ಬೆರಳಿಟ್ಟು ಅತ್ತಿತ್ತ ಹೊರಳಿಸಿದಳು.

"ಅಜ್ಜಿ, ಇಲ್ಲೊಂದು ನರ ಇರುತ್ತೆ, ಎಲ್ಲರಿಗೂ ಇರುತ್ತೆ. ಈ ಕಾಯಿಲೆ ಮೊದಲು ಇದಕ್ಕೇ ಕೈ ಹಾಕೋದು. ಅದು ದಪ್ಪ ಆಗುತ್ತೆ. ನಿಮ್ಮದು ಚೆನ್ನಾಗಿದೆ, ಭಯ ಬೇಡ."

ಪಕ್ಕದಲ್ಲಿ ನಿಂತಿದ್ದ ಸ್ನೇಹಲತಾ ಆ ಬೆರಳನ್ನೇ ನೋಡಿದಳು. ಅತ್ತೆಯ ಬೆರಳು ತಾಗಿದಾಗ ಜೀವ ಹೋದಂತಾಗುತ್ತಿದ್ದ ಜಾಗ ಅದೇ.

ಊರಿಗೆ ಮರಳುವ ಬಸ್ಸಿನಲ್ಲಿ ಗುರುಸಿದ್ದಮ್ಮ ಅವಳ ಹೆಗಲಿಗೆ ಒರಗಿ ತೂಕಡಿಸುತ್ತಿದ್ದಳು. ಸ್ನೇಹಲತಾ ಸೆರಗಿನ ಒಳಗೆ ಬಲಗೈ ಹಾಕಿ, ಎಡ ಮೊಣಕೈ ಹಿಂದಿನ ಸಂದಿಯನ್ನು ಮೆಲ್ಲಗೆ ತಡವಿದಳು. ಚರ್ಮದ ಕೆಳಗೆ ಹುರಿ ಮಾಡಿದ ಹಗ್ಗದಂಥದು ಸಿಕ್ಕಿತು. ಒತ್ತಿದರೆ ಕಿರುಬೆರಳಿನವರೆಗೆ ಬೆಂಕಿ ಹರಿಯಿತು. ಬಲ ಮೊಣಕೈ ಮುಟ್ಟಿ ನೋಡಿಕೊಂಡಳು. ಅಲ್ಲಿ ಅಂಥದ್ದಿಲ್ಲ. ಮತ್ತೆ ಎಡಗೈ ಮುಟ್ಟಿದಳು. ಹೊರಗೆ ಶುಂಠಿ ಹೊಲಗಳು ಹಿಂದಕ್ಕೋಡುತ್ತಿದ್ದವು. ಮೈಮೇಲೆ ಒಂದು ಮಚ್ಚೆಯೂ ಇಲ್ಲವಲ್ಲ ಎಂದು ತನಗೆ ತಾನೇ ವಾದಿಸಿದಳು. ಮನೆಗೆ ಬಂದವಳೇ ಬಚ್ಚಲಲ್ಲಿ ಕನ್ನಡಿ ಹಿಡಿದು ಮೈಯೆಲ್ಲ ಹುಡುಕಿದಳು. ಒಂದೂ ಇರಲಿಲ್ಲ.

ಮಾರನೆಯ ದಿನವೇ ಹಾಸನಕ್ಕೆ ಹೋಗಬೇಕಿತ್ತು. ಊರಿನ ಯಾರಿಗಾದರೂ ಆಗಿದ್ದರೆ ಅವಳೇ ಕೈಹಿಡಿದು ಎಳೆದೊಯ್ಯುತ್ತಿದ್ದಳು. ಆದರೆ ಮನೆಯಲ್ಲಿ ಪ್ರತಿಭಾಳ ಮದುವೆ ಗೊತ್ತಾಗಿತ್ತು. ಚನ್ನರಾಯಪಟ್ಟಣದ ಕಡೆಯ ಒಳ್ಳೆಯ ಮನೆತನ, ಹುಡುಗ ಕಾಲೇಜಿನಲ್ಲಿ ಮೇಷ್ಟ್ರು. ಹುಡುಗಿಯ ಅತ್ತಿಗೆಗೆ ಇಂಥ ರೋಗವಂತೆ ಎಂದು ಒಂದು ಮಾತು ಆ ಕಡೆ ದಾಟಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆ ಆಗಲಿ, ಮಾರನೆಯ ದಿನವೇ ಹೋಗುತ್ತೇನೆ ಅಂದುಕೊಂಡಳು. ಮದುವೆಯಾಯಿತು. ಆಮೇಲೆ ಬೀಗರ ಔತಣ ಬಂತು, ಆಷಾಢಕ್ಕೆ ಹುಡುಗಿಯನ್ನು ಕರೆತರುವುದು ಬಂತು, ಗೌರಿ ಹಬ್ಬಕ್ಕೆ ಬಾಗಿನ ಕೊಡುವುದು ಬಂತು. ಪ್ರತಿಯೊಂದಕ್ಕೂ ಒಂದು ನೆವ ಸಿಗುತ್ತಾ ಹೋಯಿತು.

ಅಷ್ಟರಲ್ಲಿ ಎಡಗೈಯ ಎರಡು ಬೆರಳು ಒಳಕ್ಕೆ ಬಾಗತೊಡಗಿದವು. ಹಸುವಿನ ಮೊಲೆ ಹಿಡಿದರೆ ಹಿಡಿತ ಸಿಗುತ್ತಿರಲಿಲ್ಲ. ಒಂದು ಬೆಳಗ್ಗೆ ಹಾಲಿನ ಪಾತ್ರೆ ಇಳಿಸುವಾಗ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನೋಡಿದರೆ ತನ್ನದೇ ಕಿರುಬೆರಳು ಪಾತ್ರೆಗೆ ಅಂಟಿಕೊಂಡಿತ್ತು. ನೋವಾಗಿರಲಿಲ್ಲ. ಅಷ್ಟು ವರ್ಷ ನೋವಿಗೆ ಹೆದರಿದವಳು ಅವತ್ತು ನೋವಿಲ್ಲದ್ದಕ್ಕೆ ಹೆದರಿದಳು. ಮಾರನೆಯ ದಿನ, ಗುರುಸಿದ್ದಮ್ಮನ ಮಾತ್ರೆ ತರಲು ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ, ಒಬ್ಬಳೇ ಹಾಸನದ ಬಸ್ಸು ಹತ್ತಿದಳು.

ಶ್ರೀಗೌರಿ ಮೊಣಕೈ ಮುಟ್ಟಿದಳು. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಕತ್ತಿನ ಪಕ್ಕದಲ್ಲಿ ಏನನ್ನೋ ನೋಡಿದಳು. ಮೊಣಕಾಲಿನ ಹೊರಬದಿಯನ್ನೂ ಒತ್ತಿದಳು. ಅಲ್ಲೂ ಒಂದು ನರ ಊದಿತ್ತು, ಸ್ನೇಹಲತಾಳಿಗೆ ಅದು ಗೊತ್ತೇ ಇರಲಿಲ್ಲ. ನರಗಳ ಪರೀಕ್ಷೆ ಮಾಡಿಸಿದರು, ಕೈಯಿಂದ ಒಂದು ಎಳೆಯಷ್ಟು ನರ ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಶ್ರೀಗೌರಿ ಬಾಗಿಲು ಮುಚ್ಚಿಸಿ ಕೂತಳು. ಕೆಲವರಿಗೆ ಈ ಕಾಯಿಲೆ ಮಚ್ಚೆ ತೋರಿಸದೆ ಬರೀ ನರದಲ್ಲೇ ಕೂತಿರುತ್ತದೆ ಎಂದಳು. ಕತ್ತು, ರಕ್ತ ನೋಡಿದವರಿಗೆ ಅದಕ್ಕೇ ಸಿಗಲಿಲ್ಲ. ಇಂಥ ಜೋಮು, ಉರಿ ಸಕ್ಕರೆಯಿಂದಲೂ ಬರುತ್ತದೆ, ಕತ್ತಿನಿಂದಲೂ, ಬಿ ಹನ್ನೆರಡು ಕೊರತೆಯಿಂದಲೂ ಬರುತ್ತದೆ. ಕೈಯಿಂದ ಮುಟ್ಟಿ ನೋಡದಿದ್ದರೆ ಇದೊಂದು ತಪ್ಪಿಸಿಕೊಳ್ಳುತ್ತದೆ.

ಸ್ನೇಹಲತಾಳಿಗೆ ಮೊದಲು ಬಂದದ್ದು ಅಳುವಲ್ಲ. ಹಾಗಾದರೆ ತಾನು ಸುಳ್ಳು ಹೇಳಿರಲಿಲ್ಲ ಎಂಬ ಒಂದು ಬಗೆಯ ನೆಮ್ಮದಿ. ಅದು ಒಂದು ಗಳಿಗೆ ಇತ್ತು. ಆಮೇಲೆ ಕಾಯಿಲೆಯ ಹೆಸರು ಕಿವಿಯಲ್ಲಿ ನಿಂತಿತು.

"ನರ ದಪ್ಪ ಇದೆ ಅಂತ ನಿಮಗೆ ಯಾವಾಗ ಗೊತ್ತಾಯಿತು?" ಎಂದು ಶ್ರೀಗೌರಿ ಕೇಳಿದಳು.

ಸ್ನೇಹಲತಾ ಇದ್ದದ್ದನ್ನು ಹೇಳಿದಳು. ಗುರುಸಿದ್ದಮ್ಮನ ಜೊತೆ ಬಂದ ದಿನವೇ. ಶ್ರೀಗೌರಿ ಬಾಗಿದ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಬಿಡಿಸಿ ನೋಡಿದಳು. ಬೈಯಲಿಲ್ಲ. ಒಂದು ವರ್ಷ ಮಾತ್ರೆ, ನರದ ಊತಕ್ಕೆ ಬೇರೆ ಮಾತ್ರೆ, ದಿನಾ ಎಣ್ಣೆ ಹಚ್ಚಿ ಬೆರಳು ನೆಟ್ಟಗೆ ಮಾಡುವ ವ್ಯಾಯಾಮ ಎಂದಳು. ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಹರಡುವ ಭಯವಿಲ್ಲ ಎಂದಳು. ಜೊತೆಯಲ್ಲಿ ಬದುಕಿದವರನ್ನೆಲ್ಲ ಒಮ್ಮೆ ಪರೀಕ್ಷಿಸಿ, ತಡೆಗೆಂದು ಮಾತ್ರೆ ಕೊಡಬೇಕಾಗುತ್ತದೆ ಎಂದೂ ಹೇಳಿದಳು. ಆ ಕೊನೆಯ ಮಾತಿಗೆ ಸ್ನೇಹಲತಾ ಕಣ್ಣೆತ್ತಿದಳು. ಆ ಮಾತನ್ನು ಬೇರೆಯವರ ಮನೆಗಳಲ್ಲಿ ಅವಳೇ ಆಡಿದ್ದಳು.

ಗಂಡನಿಗೆ ಕೊಟ್ಟಿಗೆಯಲ್ಲಿ ಹೇಳಿದಳು. ಅವಳಿಗೆ ಕೈಲಾಗದ್ದರಿಂದ ಈಗ ಹಾಲು ಕರೆಯುತ್ತಿದ್ದವನು ಅವನೇ. ಅವಳು ಹೇಳಿ ಮುಗಿಸುವವರೆಗೂ ಅವನ ಕೈ ನಿಲ್ಲಲಿಲ್ಲ, ಬಕೆಟ್ಟಿಗೆ ಹಾಲು ಬೀಳುವ ಸದ್ದೂ ನಿಲ್ಲಲಿಲ್ಲ. ಕೊನೆಗೆ ಎದ್ದು ನಿಂತ.

"ಊರೋರ ಮನೆ ಮನೆ ತಿರುಗ್ಬ್ಯಾಡ ಅಂತ ಎಷ್ಟ್ ದಪ ಏಳ್ದೆ. ಅಲ್ಲಿಂದ್ಲೇ ತಂದೆ ಇದ."

"ಯಾರಿಂದ ಬಂತು ಅಂತ ಯಾರ್ಗೂ ಗೊತ್ತಾಗಕಿಲ್ಲ. ವರ್ಸಾನುಗಟ್ಲೆ ಮೈಯಾಗೆ ಸುಮ್ಕೆ ಕುಂತಿರ್ತದೆ. ನಮ್ಮಪ್ಪನ ಮನೇಲೇ ಬಂದಿರ್ಬೌದು. ಇಲ್ಲೇ ಬಂದಿರ್ಬೌದು."

ಇಲ್ಲೇ ಎಂಬ ಮಾತಿಗೆ ಅವನು ಅವಳನ್ನೇ ನೋಡಿದ. ಬಕೆಟ್ಟು ಎತ್ತಿಕೊಂಡು ಡೈರಿಗೆ ಹೊರಟುಹೋದ. ಎರಡು ದಿನ ಉಣ್ಣಲಷ್ಟೇ ಮನೆಯೊಳಗೆ ಬಂದ. ಆದರೆ ಮೂರನೆಯ ದಿನ ಆರೋಗ್ಯ ಕೇಂದ್ರದ ಪರಮಶಿವಯ್ಯ, ಊರವರಿಗೆ ತಿಳಿಯದಿರಲೆಂದು, ಜ್ವರದ ಸಮೀಕ್ಷೆಗೆ ಬಂದವರ ಹಾಗೆ ಮನೆಗೆ ಬಂದಾಗ ಅನಿಲ್‌ಕುಮಾರ್ ಅಂಗಿ ಬಿಚ್ಚಿ ಬೆನ್ನು ತೋರಿಸಿದ, ಅಲ್ಲೇ ಮಾತ್ರೆ ನುಂಗಿದ. ಕಾಮಾಕ್ಷಮ್ಮ ಮಾತ್ರ ಜಗ್ಗಲಿಲ್ಲ.

"ನಂಗ್ಯಾವ್ ರೋಗ ಅದೆ? ಅದು ದೊಡ್ಡ ರೋಗ. ಅದ್ರ ಮಾತ್ರೆ ನುಂಗಿದ್ರೆ ನಮ್ಮನೆಗೆ ಬಂದದೆ ಅಂತ ನಾನೇ ಒಪ್ಕಂಡಂಗೆ."

ಪರಮಶಿವಯ್ಯ ಮಾತ್ರೆಯನ್ನು ದೇವರ ಗೂಡಿನ ಪಕ್ಕದಲ್ಲಿ ಇಟ್ಟು ಹೋದರು. ಅಂದಿನಿಂದ ಕಾಮಾಕ್ಷಮ್ಮ, ಸುಮ್ಮನೆ ಕೂತರೆ ಮೈ ಹಿಡಿದುಕೊಳ್ಳುತ್ತದೆ ಎಂದು ಹೇಳಿ, ಒಲೆಯ ಮುಂದೆ ತಾನೇ ಕೂತಳು. ಮುದ್ದೆ ಕಟ್ಟಿದಳು, ಸಾರು ಮಾಡಿದಳು, ಸೊಸೆಗೂ ತಟ್ಟೆಗೆ ಹಾಕಿ ಕೊಟ್ಟಳು. ಒಂದು ಕೆಟ್ಟ ಮಾತು ಆಡಲಿಲ್ಲ. ಆದರೆ ಸೊಸೆಯ ಲೋಟ ಬೇರೆಯಾಯಿತು, ಚಾಪೆ ಬೇರೆಯಾಯಿತು. ಇಷ್ಟು ವರ್ಷ ಅಡಿಗೆ ಮಾಡಿದವಳು ನೀರು ಕುಡಿಯಲು ಒಳಗೆ ಹೋಗುವಾಗಲೂ ಹೊಸಿಲಿನಲ್ಲಿ ಒಂದು ಕ್ಷಣ ನಿಲ್ಲುವಂತಾಯಿತು.

ಇನ್ನು ಪ್ರತಿಭಾಳಿಗೆ ಹೇಳುವುದು ಉಳಿದಿತ್ತು. ಅನಿಲ್‌ಕುಮಾರ್ ಖಡಾಖಂಡಿತವಾಗಿ ಬೇಡವೆಂದ. ಅವಳಿಗೆ ಆಗ ಮೂರು ತಿಂಗಳು. ಬಸುರಿಗೆ ಇಂಥ ಸುದ್ದಿ ಮುಟ್ಟಿಸಿ ಅವಳ ಸಂಸಾರಕ್ಕೆ ಬೆಂಕಿ ಇಡಬೇಡ ಎಂದ. ಸ್ನೇಹಲತಾ ಹಲವು ದಿನ ತನ್ನೊಳಗೇ ಕುದಿದಳು. ತಾನು ಸುಮ್ಮನಿದ್ದ ತಿಂಗಳುಗಳಲ್ಲಿ ತನ್ನ ಬೆರಳು ಬಾಗಿದ್ದವು. ಅದೇ ಸುಮ್ಮನಿರುವಿಕೆ ಈಗ ಪ್ರತಿಭಾಳ ಬೆರಳಿಗೆ ಬಂದರೆ? ಒಂದು ದಿನ ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಿ ಚನ್ನರಾಯಪಟ್ಟಣಕ್ಕೆ ಹೋದಳು. ಬೀಗರ ಮನೆಗೆ ಹೋಗಲಿಲ್ಲ. ಪ್ರತಿಭಾ ಪಾಠ ಹೇಳುತ್ತಿದ್ದ ಖಾಸಗಿ ಶಾಲೆಗೆ ಹೋಗಿ ಊಟದ ಬಿಡುವಿನವರೆಗೆ ಕಾದಳು.

ಶಾಲೆಯ ಹಿಂದೆ ಹೊಂಗೆ ಮರದ ಕೆಳಗೆ ಕೂತು ಹೇಳಿದಳು. ಪ್ರತಿಭಾ ಡಬ್ಬಿಯ ಮುಚ್ಚಳ ತೆಗೆದಿದ್ದವಳು ಮತ್ತೆ ಮುಚ್ಚಿದಳು.

"ನಂಗೂ ಬಂದಿರ್ಬೌದಾ ಅತ್ಗೆ?"

ಸ್ನೇಹಲತಾ ಅವಳ ಎರಡೂ ಮೊಣಕೈ ಮಡಚಿಸಿ, ಬಲಗೈ ಬೆರಳಿನಿಂದ ನರ ಹುಡುಕಿದಳು. ಎಳೆಯ ನರ, ಬೆರಳ ಕೆಳಗೆ ಮೆತ್ತಗೆ ಜಾರಿತು. ಕೈ ಮುಟ್ಟಿ, ಪೆನ್ನಿನ ತುದಿ ತಾಗಿಸಿ ತಿಳಿಯುತ್ತದೆಯೇ ಎಂದು ಕೇಳಿದಳು. ಎಲ್ಲ ಕಡೆ ತಿಳಿಯುತ್ತಿತ್ತು. ಈಗೇನೂ ಕಾಣುವುದಿಲ್ಲ, ಆದರೂ ಒಂದು ಸಲ ಡಾಕ್ಟರಿಗೆ ತೋರಿಸು, ಬಸುರಿಯಾದ್ದರಿಂದ ತಡೆ ಮಾತ್ರೆ ಹೆರಿಗೆ ಆದ ಮೇಲೆ ಎಂದಳು. ಪ್ರತಿಭಾಳ ಕಣ್ಣಲ್ಲಿ ನೀರಿತ್ತು. ಅವಳು ಅತ್ತಿಗೆಯ ಬಾಗಿದ ಬೆರಳನ್ನು ನೋಡಿದಳು, ಹಿಡಿದುಕೊಳ್ಳಲು ಕೈ ಚಾಚಿದವಳು ಅರ್ಧದಲ್ಲಿ ನಿಲ್ಲಿಸಿದಳು.

"ನೀನು ಏಳಿದ್ದು ಒಳ್ಳೇದೇ ಆಯ್ತು. ಆದ್ರೆ ಬಾಣಂತನಕ್ಕೆ ನಾನು ಅಲ್ಲಿಗೆ ಬರಕಾಗಕಿಲ್ಲ ಅತ್ಗೆ. ಬೇಜಾರ್ ಮಾಡ್ಕಬ್ಯಾಡ."

"ಇಲ್ಲ ಕಣವ್ವ" ಎಂದಳು ಸ್ನೇಹಲತಾ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಹೊಳೆನರಸೀಪುರ ಬರುವವರೆಗೂ ಅತ್ತಳು.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಲಿಲ್ಲ. ಕಾಮಾಕ್ಷಮ್ಮ ಗಂಟು ಕಟ್ಟಿಕೊಂಡು ಮಗಳ ಗಂಡನ ಮನೆಗೇ ಹೋದಳು. ತಾಯಿ ಹೋಗಿ ಬೀಗರ ಮನೆಯಲ್ಲಿ ಬಾಣಂತನ ಮಾಡುವುದುಂಟೇ ಎಂದು ಊರು ಮಾತಾಡಿಕೊಂಡಿತು. ಅಲ್ಲಿ ಆಸ್ಪತ್ರೆ ಹತ್ತಿರ ಎಂದು ಅನಿಲ್‌ಕುಮಾರ್ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. ಆ ತಿಂಗಳುಗಳಲ್ಲಿ ಮನೆಯಲ್ಲಿ ಇಬ್ಬರೇ. ಅಡಿಗೆ ಮತ್ತೆ ಸ್ನೇಹಲತಾಳದಾಯಿತು. ಮೊದಲ ದಿನ ಮುದ್ದೆ ಕಟ್ಟಲು ಅವಳ ಎಡಗೈ ಒಪ್ಪಲಿಲ್ಲ. ಅನಿಲ್‌ಕುಮಾರ್ ಬಂದು ಪಾತ್ರೆ ಹಿಡಿದುಕೊಂಡ. ಅವಳು ಕೋಲಿನಿಂದ ತೊಳಸಿದಳು, ಅವನು ಕಟ್ಟಿದ. ಉಂಡು ಎದ್ದ. ನೀನು ಅಷ್ಟು ವರ್ಷ ಹೇಳಿದ್ದು ನಿಜ ಎಂದು ಅವನು ಒಮ್ಮೆಯಾದರೂ ಅನ್ನಬಹುದೆಂದು ಅವಳು ಕಾದಳು. ಅವನು ಅನ್ನಲಿಲ್ಲ. ಅವಳ ಮಾತ್ರೆ ಮುಗಿಯುವ ಮುಂಚೆ ತಾನೇ ಅರಕಲಗೂಡಿಗೆ ಹೋಗಿ ತಂದಿಡುತ್ತಿದ್ದ.

ಮಾತ್ರೆಯಿಂದ ಅವಳ ಮೈಬಣ್ಣ ಕಪ್ಪಿಟ್ಟಿತು. ಬಿಸಿಲು ಅಂದಳು. ಕೈಗೇನಾಯಿತೆಂದು ಕೇಳಿದವರಿಗೆ ನರದ ಕಾಯಿಲೆ ಅಂದಳು. ಅದು ಸುಳ್ಳೂ ಆಗಿರಲಿಲ್ಲ. ಕೆಲಸ ಬಿಡಲಿಲ್ಲ. ಮನೆಮನೆಗೆ ಹೋದಾಗ ಈಗ ಮಚ್ಚೆಯ ಜೊತೆಗೆ ಜೋಮು ಇದೆಯೇ, ಉರಿ ಇದೆಯೇ ಎಂದೂ ಕೇಳುತ್ತಿದ್ದಳು, ಮೊಣಕೈ ಮುಟ್ಟಿ ನೋಡುತ್ತಿದ್ದಳು. ಕೆಳಗಿನ ಬೀದಿಯ ಪಾರ್ವತಮ್ಮ ಅಂಗಾಲು ಉರಿ ಅಂದಾಗ ತನ್ನದೇ ಕಾಯಿಲೆ ಇರಬಹುದೆಂದು ಹೆದರಿದಳು. ಕರೆದೊಯ್ದು ತೋರಿಸಿದರೆ ಅದು ಸಕ್ಕರೆ ಕಾಯಿಲೆಯ ಉರಿ. ಪಾರ್ವತಮ್ಮ ಅಯ್ಯೋ ಸಕ್ಕರೆಯಾ ಎಂದು ಗೋಳಾಡುವಾಗ, ಸ್ನೇಹಲತಾಳಿಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಆಮೇಲೆ ಅದಕ್ಕೆ ನಾಚಿಕೆಯೂ ಆಯಿತು.

ವರ್ಷದ ಮಾತ್ರೆ ಮುಗಿದ ದಿನ ಶ್ರೀಗೌರಿ ಕಾಯಿಲೆ ವಾಸಿಯಾಗಿದೆ ಎಂದಳು. ಹಾಗಾದರೆ ಈ ಉರಿ ಯಾಕಿನ್ನೂ ಎಂದು ಸ್ನೇಹಲತಾ ಕೇಳಿದಳು.

"ರೋಗಾಣು ಸತ್ತಿದೆ. ಆದರೆ ಅದು ಹಾಳು ಮಾಡಿದ ನರ ಹಾಗೇ ಇದೆ. ಕೆಲವರಿಗೆ ಉರಿ ವರ್ಷಗಟ್ಟಲೆ ಇರುತ್ತೆ. ಹೋಗುತ್ತೆ ಅಂತ ನಾನು ಮಾತು ಕೊಡಲಾರೆ. ಕಡಿಮೆ ಮಾಡೋಕೆ ಮಾತ್ರೆ ಇದೆ, ಬೆರಳಿಗೆ ಆಪರೇಷನ್ ಇದೆ. ಬಿಡೋದು ಬೇಡ."

ಹೋಗುತ್ತದೆ ಎಂದು ಸುಳ್ಳು ಹೇಳದ್ದಕ್ಕೆ ಸ್ನೇಹಲತಾಳಿಗೆ ಅವಳ ಮೇಲೆ ಸಿಟ್ಟೂ ಬಂತು, ನಂಬಿಕೆಯೂ ಬಂತು.

ಪ್ರತಿಭಾ ಮಗುವನ್ನು ಕರೆದುಕೊಂಡು ತವರಿಗೆ ಬಂದದ್ದು ಅದಾದ ಮೇಲೆ, ಮಗುವಿಗೆ ಕೂರುವ ವಯಸ್ಸಾದಾಗ. ಅವಳು ತಡೆ ಮಾತ್ರೆ ನುಂಗಿದ್ದಳು, ಮೈಯಲ್ಲಿ ಏನೂ ಕಂಡಿರಲಿಲ್ಲ. ಜೊತೆಯಲ್ಲಿ ಕಾಮಾಕ್ಷಮ್ಮನೂ ಹಿಂದಿರುಗಿದಳು. ಬಂದ ಗಳಿಗೆಯಿಂದ ಮಗು ಅಜ್ಜಿಯ ಕಂಕುಳಿನಿಂದ ಇಳಿಯಲಿಲ್ಲ. ಸ್ನೇಹಲತಾ ದೂರದಿಂದಲೇ ಮಾತಾಡಿಸಿ, ಬಚ್ಚಲ ಒಲೆಗೆ ಸೌದೆ ಹಾಕಿ ನೀರು ಕಾಯಿಸಿದಳು. ಮಧ್ಯಾಹ್ನ ಕಾಮಾಕ್ಷಮ್ಮ ಹಿತ್ತಲಿಗೆ ಹೋಗಿದ್ದಾಗ ಪ್ರತಿಭಾ ಸ್ನಾನಕ್ಕೆ ಹೊರಟಳು. ಸುತ್ತ ನೋಡಿದಳು. ನಡುಮನೆಯಲ್ಲಿ ನಿಂತಿದ್ದ ಅತ್ತಿಗೆಯ ಹತ್ತಿರ ಬಂದು, ಮಗುವನ್ನು ಅವಳ ತೋಳಿಗೆ ಇಟ್ಟು ಬಚ್ಚಲಿಗೆ ನಡೆದಳು.

ಮಗು ಭಾರವಾಗಿತ್ತು. ಸ್ನೇಹಲತಾ ಬಲಗೈಯನ್ನು ಅದರ ಬೆನ್ನಿಗೆ ಕೊಟ್ಟಳು. ಎಡಗೈಯ ಎರಡು ಬೆರಳಿಗೆ ಮಗುವಿನ ಬಿಸುಪು ತಿಳಿಯಲಿಲ್ಲ, ಉಳಿದ ಮೂರಕ್ಕೆ ತಿಳಿಯಿತು. ಹಿತ್ತಲ ಬಾಗಿಲಿನಿಂದ ಒಳಗೆ ಬಂದ ಕಾಮಾಕ್ಷಮ್ಮ ಅಲ್ಲೇ ನಿಂತಳು. ಕೈಯಲ್ಲಿದ್ದ ಸೊಪ್ಪು ಹಾಗೇ ಇತ್ತು. ಸೊಸೆಯ ಮುಖವನ್ನೂ ಬಾಗಿದ ಬೆರಳನ್ನೂ ನೋಡುತ್ತಾ ಹೊಸಿಲ ಮೇಲೆ ಮೆಲ್ಲಗೆ ಕೂತಳು. ಮಗುವನ್ನು ಕೊಡು ಎಂದು ಕೈ ಚಾಚಲಿಲ್ಲ, ದೃಷ್ಟಿಯನ್ನೂ ಕದಲಿಸಲಿಲ್ಲ.

ಬಚ್ಚಲಿನಿಂದ ನೀರಿನ ಸದ್ದಿನ ಜೊತೆ ಪ್ರತಿಭಾಳ ದನಿ ಬಂತು. "ಅತ್ಗೆ, ಅಳ್ತಾವ್ನಾ?"

"ಇಲ್ಲ ಕಣವ್ವ" ಎಂದಳು ಸ್ನೇಹಲತಾ. "ನಿಧಾನ್ವಾಗಿ ಮಿಂದ್ಕಂಡ್ ಬಾ."